ನೂರ ಎಂಬತ್ತೇಳನೆಯ ಪುಟ

"ಮಹಾಶಯರೇ, ನಿಮ್ಮ ಕಾದಂಬರಿಯ ತೊಂಬತ್ತನಾಲ್ಕನೆಯ ಪುಟದಲ್ಲಿ ಸಾಯುವ ಬ್ಯಾಂಕರ್ ಅಷ್ಟು ಬೇಗ ಸಾಯಲಾರ. ಆರ್ಸೆನಿಕ್ ತಿಂದವನು ಹತ್ತು ನಿಮಿಷದಲ್ಲಿ ಊಟದ ಮೇಜಿನ ಮೇಲೆ ಒರಗುವುದಿಲ್ಲ. ಗಂಟೆಗಟ್ಟಲೆ ನರಳುತ್ತಾನೆ. ಉಳಿದಂತೆ ಪುಸ್ತಕ ಚೆನ್ನಾಗಿದೆ."

ಪತ್ರದ ಕೆಳಗೆ ಸಹಿ: ಎಮಿಲ್ ಹಾವ್ಲಿಕ್, ರಾಸಾಯನಿಕ ಪರೀಕ್ಷಕ, ಸೇಂಟ್ ಪಾಲ್.

ಥೆಲ್ಮಾ ಓಸ್ಬಿ ಅದನ್ನು ಎರಡು ಸಲ ಓದಿದಳು. ಟೆಲಿಫೋನ್ ಕಚೇರಿಯಲ್ಲಿ ಒಂಬತ್ತು ವರ್ಷ ಊರಿನವರ ಕರೆಗಳನ್ನು ಜೋಡಿಸುತ್ತಲೇ ಪತ್ತೇದಾರಿ ಕಥೆ ಬರೆಯಲು ಶುರುಮಾಡಿದವಳು ಅವಳು. ಹೆಂಗಸು ಬರೆದ ಕೊಲೆಯನ್ನು ಯಾರೂ ಓದುವುದಿಲ್ಲ ಎಂದು ಮೊದಲ ಸಂಪಾದಕ ಹೇಳಿದ್ದರಿಂದ ಪುಸ್ತಕಗಳ ಮೇಲೆ ಟಿ. ಆರ್. ಓಸ್ಬಿ ಎಂದಷ್ಟೇ ಇರುತ್ತಿತ್ತು. ಅವಳ ಪತ್ತೇದಾರ ವಾರೆನ್ ಟೈಸ್ ಆಗಲೇ ಆರು ಪುಸ್ತಕಗಳಲ್ಲಿ ಕೊಲೆಗಾರರನ್ನು ಹಿಡಿದಿದ್ದ. ಅವನ ತಪ್ಪನ್ನು ಇದುವರೆಗೆ ಯಾರೂ ಹಿಡಿದಿರಲಿಲ್ಲ.

ಶನಿವಾರ ಕಾಫಿಗೆ ಬಂದು ವಿವರಿಸಿ ಎಂದು ಉತ್ತರ ಬರೆದಳು.

ಬಾಗಿಲಲ್ಲಿ ನಿಂತವನು ಅವಳ ಕಿವಿಯ ಎತ್ತರಕ್ಕೆ ಬರುತ್ತಿದ್ದ. ಕನ್ನಡಕ, ಹಣೆಯಿಂದ ಹಿಂದೆ ಸರಿಯುತ್ತಿದ್ದ ಕಪ್ಪು ಕೂದಲು, ಕೈಯಲ್ಲಿ ಅವನ ಚೆಕ್ ಜನ ಮಾಡುವ, ಗಸಗಸೆ ತುಂಬಿದ ಬನ್ನುಗಳ ಪೊಟ್ಟಣ.

"ಮಿಸ್ಟರ್ ಓಸ್ಬಿ ಇದ್ದಾರಾ?"

"ಅದು ನಮ್ಮಪ್ಪ. ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಬ್ಯಾಂಕರ್‌ನ ಕೊಂದಿದ್ದು ನಾನು."

ಅವನು ನಿಧಾನವಾಗಿ ಟೋಪಿ ತೆಗೆದ. "ಹಾಗಾದ್ರೆ ಮಹಾಶಯರೇ ಅಂತ ಬರೆದಿದ್ದು ತಪ್ಪಾಯ್ತು."

"ನಿಮಗೂ ತಪ್ಪಾಗುತ್ತಲ್ಲ, ಸಮಾಧಾನ ಆಯ್ತು. ಒಳಗೆ ಬನ್ನಿ."

ಆಮೇಲೆ ನಾಲ್ಕು ವರ್ಷ, ಪ್ರತಿ ಪುಸ್ತಕದ ಟೈಪ್ ಪ್ರತಿಯನ್ನೂ ಎಮಿಲ್ ಓದಿಕೊಟ್ಟ. ಕೆಂಪು ಪೆನ್ಸಿಲ್ ಹಿಡಿದು ಡೋಸು, ವಾಸನೆ, ಹೆಣ ಸೆಟೆದುಕೊಳ್ಳುವ ಹೊತ್ತು, ಇವನ್ನಷ್ಟೇ ತಿದ್ದುತ್ತಿದ್ದ. ಕಥೆ ಹೇಗಿದೆ ಎಂದು ಅವಳು ಕೇಳಿದರೆ ಒಂದೇ ಉತ್ತರ: "ಕಥೆ ನಿಮ್ಮದು, ವಿಷ ನನ್ನದು."

ಹೇಳುವಾಗ ಕನ್ನಡಕದ ಮೇಲಿನಿಂದ ನೋಡುತ್ತಿದ್ದ. ಆ ನೋಟ ಬೇಕೆಂದೇ ಅವಳು ಕೆಲವು ಸಲ ಗೊತ್ತಿದ್ದೂ ಡೋಸು ತಪ್ಪು ಬರೆದಿದ್ದಳು. ಆರನೆಯ ಸಲ ಅವನು ಅಂಚಿನಲ್ಲಿ ಬರೆದ: "ಇದು ನಿಮಗೆ ಗೊತ್ತಿದೆ."

1949ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಿಂದ ಪತ್ರ ಬಂತು. ಟೈಸ್‌ನನ್ನು ವಾರವಾರವೂ ರೇಡಿಯೋದಲ್ಲಿ ಕೇಳಿಸಬೇಕಂತೆ. ಪ್ರತಿ ಕಂತನ್ನೂ ಅವಳೇ ಬರೆಯಬೇಕು, ಅದಕ್ಕೆ ಅಲ್ಲೇ ಬಂದು ಇರಬೇಕು. ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕು.

ಕೆಳಗಿನ ಮಹಡಿಯಲ್ಲಿದ್ದ ತಂಗಿ ಲಿಡಿಯಾ ಪತ್ರ ಓದಿ, "ಇನ್ನೂ ಯಾಕೆ ಪೆಟ್ಟಿಗೆ ಕಟ್ಟಿಲ್ಲ? ಶನಿವಾರದ ಬನ್ನು ತಪ್ಪುತ್ತೆ ಅಂತಾನಾ?" ಎಂದಳು.

ಥೆಲ್ಮಾಗೆ ಗೊತ್ತಾಗಬೇಕಿದ್ದದ್ದು ಒಂದೇ: ಎಮಿಲ್‌ಗೆ ತಾನು ಯಾರು. ಬಾಯಿಬಿಟ್ಟು ಕೇಳುವುದು ಅವಳಿಂದಾಗದು. ಬರೆಯುವುದು ಆದೀತು. ಹೊಸ ಕಾದಂಬರಿಯ ನೂರ ಎಂಬತ್ತೇಳನೆಯ ಪುಟವನ್ನು ಅವಳು ಅದಕ್ಕಾಗಿಯೇ ಟೈಪ್ ಮಾಡಿದಳು. ಅದರಲ್ಲಿ ನೋರಾ ಎಂಬವಳು ಒಬ್ಬ ಕೆಮಿಸ್ಟ್‌ಗೆ ಹೇಳುತ್ತಾಳೆ: "ಊರು ಬಿಡೋಕೆ ಕಾರಣ ಸಿಕ್ಕಿದೆ. ಇರೋಕೆ ಒಂದು ಕಾರಣ ನೀವು ಕೊಡಿ." ಅವನ ಉತ್ತರ ಬರೆಯದೆ ಉಳಿದ ಪುಟವನ್ನು ಖಾಲಿ ಬಿಟ್ಟಳು.

ಬದುಕಿರುವವರನ್ನು ಕಥೆಗೆ ತಂದರೆ ಗುರುತು ಸಿಗದಂತೆ ಮಾಡಬೇಕು, ಇಲ್ಲದಿದ್ದರೆ ಕೋರ್ಟಿಗೆ ಎಳೆಯುತ್ತಾರೆ ಎಂದು ಪ್ರಕಾಶಕರ ವಕೀಲ ಮೊದಲ ಪುಸ್ತಕದ ಕಾಲಕ್ಕೇ ಪಾಠ ಹೇಳಿದ್ದ. ಹದಿಮೂರು ವರ್ಷದ ಅಭ್ಯಾಸ. ಕೈ ತಾನಾಗಿಯೇ ಪಾಠದಂತೆ ನಡೆಯಿತು. ಪುಟದ ಕೆಮಿಸ್ಟ್ ಆರಡಿ ಎತ್ತರದವನಾದ, ಐರಿಷ್ ಆದ, ಕೆಂಪು ಕೂದಲು ಪಡೆದ, ಸಂಜೆ ಹೊತ್ತು ಟ್ರಂಪೆಟ್ ಊದತೊಡಗಿದ.

ಮುಂದಿನ ಶನಿವಾರ ಎಮಿಲ್ ಪ್ರತಿಯನ್ನು ಮೇಜಿನ ಮೇಲಿಟ್ಟ. ಕಾಫಿ ಬೇಡವೆಂದ.

"ಮೂರು ಕಡೆ ಸಣ್ಣ ತಪ್ಪು. ಗುರುತು ಹಾಕಿದ್ದೀನಿ."

"ಕಥೆ?"

ಅವನು ಕನ್ನಡಕದ ಮೇಲಿನಿಂದ ನೋಡಲಿಲ್ಲ. "ನೀವು ನ್ಯೂಯಾರ್ಕಿಗೆ ಹೋಗ್ತೀರಂತೆ. ಲಿಡಿಯಾ ಹೇಳಿದ್ರು. ಒಳ್ಳೇದಾಗ್ಲಿ."

ಅವನು ಹೋದ ಮೇಲೆ ಥೆಲ್ಮಾ ಪುಟ ತಿರುವಿದಳು. ನೂರ ಎಂಬತ್ತೇಳರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದಿತ್ತು. ಅಂಚಿನಲ್ಲಿ: "ಇದು ಇಲ್ಲಿ ಸಲ್ಲದು. ದಯವಿಟ್ಟು ತೆಗೆಯಿರಿ."

ನಾಲ್ಕು ವರ್ಷದಲ್ಲಿ ಅವನು ಕಥೆಯ ಒಂದು ಸಾಲನ್ನೂ ಹೊಡೆದುಹಾಕಿರಲಿಲ್ಲ.

ಭಾನುವಾರ ಅವಳು ಒಪ್ಪಿಗೆಯ ಪತ್ರ ಬರೆದು ಲಕೋಟೆಗೆ ಅಂಚೆಚೀಟಿ ಅಂಟಿಸಿದಳು. ಲಿಡಿಯಾ ಅಡಿಗೆಮನೆಯ ಮೇಜಿನ ಬಳಿ ಕೂತು ಆ ಪುಟವನ್ನು ಎರಡು ಸಲ ಓದಿದಳು.

"ಇವನು ಯಾರು?"

"ಯಾರು ಅಂದ್ರೆ? ಎಮಿಲ್."

"ಎಮಿಲ್? ಇವನು ಏಣಿ ಇಲ್ದೆ ಬಲ್ಬ್ ಹಾಕೋನು ಕಣೇ. ಎಮಿಲ್ ಟ್ರಂಪೆಟ್ ಯಾವಾಗ ಊದಿದ್ದ?"

"ಹೆಸರು ಬಿಟ್ಟು ಉಳಿದಿದ್ದೆಲ್ಲ ಗೊತ್ತಾಗೋ ಹಾಗೇ ಇದೆ."

"ಯಾವ ಉಳಿದಿದ್ದು? ಇಷ್ಟೊಂದು ಕೊಲೆಗಾರರನ್ನ ಹಿಡಿದಿದ್ದೀಯ, ಒಬ್ಬ ಕುಳ್ಳನ್ನ ನೇರವಾಗಿ ಕೇಳೋಕೆ ಆಗಲ್ವಾ ನಿಂಗೆ? ಹೋಗು."

ಸೋಮವಾರ ಬೆಳಿಗ್ಗೆ ಲಕೋಟೆಯನ್ನೂ ಪುಟವನ್ನೂ ಚೀಲದಲ್ಲಿಟ್ಟುಕೊಂಡು ಟ್ರಾಮ್ ಹತ್ತಿದಳು. ಬೀದಿಯಲ್ಲಿ ಹಿಮ ಕರಗಿ ಕೆಸರಾಗಿತ್ತು. ಪ್ರಯೋಗಶಾಲೆ ನೆಲಮಾಳಿಗೆಯಲ್ಲಿತ್ತು. ಎಮಿಲ್ ಸಣ್ಣ ಗಾಜಿನ ಕೊಳವೆಯೊಂದನ್ನು ಬರ್ನರ್ ಮೇಲೆ ಕಾಯಿಸುತ್ತಿದ್ದ. ಆರ್ಸೆನಿಕ್ ಇದ್ದರೆ ಗಾಜಿನ ಒಳಗೆ ಕಪ್ಪು ಕನ್ನಡಿಯಂಥ ಪೊರೆ ಕಟ್ಟುತ್ತದೆ.

"ಉರಿ ಬಿಟ್ಟು ಬರೋಕಾಗಲ್ಲ, ಮಿಸ್ ಓಸ್ಬಿ. ಹೈಡ್ರೋಜನ್ ಇದೆ."

"ಬರೋದು ಬೇಡ. ಅಲ್ಲಿಂದಲೇ ಹೇಳಿ. ಈ ಪುಟ ಯಾಕೆ ಹೊಡೆದುಹಾಕಿದ್ರಿ?"

ಅವನು ಉರಿಯನ್ನೇ ನೋಡುತ್ತಿದ್ದ. "ಅದು ಕಾದಂಬರಿ ಪುಟ ಅಲ್ಲ. ಒಬ್ಬರಿಗೆ ಬರೆದ ಪತ್ರ. ಕೈತಪ್ಪಿ ಸೇರಿಕೊಂಡಿದೆ ಅಂದುಕೊಂಡೆ. ಅಚ್ಚಾದ್ರೆ ನಿಮಗೇ ಮುಜುಗರ."

"ಯಾರಿಗೆ ಬರೆದ ಪತ್ರ?"

"ಮಿನಿಯಾಪೊಲಿಸ್‌ನ ಕೆಮಿಸ್ಟ್ ಡಾನಹ್ಯೂಗೆ."

ಥೆಲ್ಮಾಗೆ ಮೊದಲು ಆ ಹೆಸರು ಯಾರದೆಂದೇ ನೆನಪಾಗಲಿಲ್ಲ.

"ಆರಡಿ ಎತ್ತರ," ಎಂದ ಎಮಿಲ್, ವರದಿ ಓದುವವನಂತೆ. "ಐರಿಷ್. ಕೆಂಪು ಕೂದಲು. ಟ್ರಂಪೆಟ್ ಊದ್ತಾರೋ ಇಲ್ವೋ ನನಗೆ ಗೊತ್ತಿಲ್ಲ. ಜನವರಿಯಲ್ಲಿ ಅವರ ಉಪನ್ಯಾಸ ಮುಗಿದ ಮೇಲೆ ಅವರ ಹತ್ರ ನಲವತ್ತು ನಿಮಿಷ ಮಾತಾಡಿದ್ರಿ."

"ಇಲಿ ಪಾಷಾಣದ ಬಗ್ಗೆ."

"ಅದನ್ನ ನನ್ನ ಕೇಳಬಹುದಿತ್ತು."

ಅಷ್ಟು ಹೊತ್ತಿಗೆ ಅವನ ಕಿವಿಗಳು ಕೆಂಪಾಗಿದ್ದವು. ಉರಿಯ ಶಾಖಕ್ಕಿರಲಾರದು ಎಂದು ಅವಳಿಗೆ ಅನಿಸಿತು.

"ನಿಜವಾದ ಮನುಷ್ಯರನ್ನ ಕಥೆಗೆ ತಂದಾಗ ಗುರುತು ಬದಲಾಯಿಸ್ಬೇಕು," ಎಂದಳು. "ಕುಳ್ಳಗಿರೋರನ್ನ ಎತ್ತರ ಮಾಡ್ತೀವಿ. ಚೆಕ್ ಜನರನ್ನ ಐರಿಷ್ ಮಾಡ್ತೀವಿ. ಅಭ್ಯಾಸಬಲ. ಪೂರ್ತಿ ಬದಲಾಯಿಸಿಬಿಟ್ಟೆ ಅಂತ ನಿನ್ನೆ ಗೊತ್ತಾಯ್ತು."

ಅವನು ಗ್ಯಾಸ್ ಆರಿಸಿದ. ಕೊಳವೆ ತಣ್ಣಗಾಗುವವರೆಗೆ ಕಾದು, ಗಾಜಿನಲ್ಲಿ ಏನೂ ಕಟ್ಟಿಲ್ಲವೆಂದು ಪುಸ್ತಕದಲ್ಲಿ ಬರೆದುಕೊಂಡ. ಕೈ ತೊಳೆದು, ಒರೆಸಿಕೊಂಡ. ಅಷ್ಟೂ ಹೊತ್ತು ಥೆಲ್ಮಾ ಕೋಟಿನ ಗುಂಡಿ ಹಿಡಿದು ನಿಂತಿದ್ದಳು.

"ಪುಟ ಕೊಡಿ."

ಪೆನ್ಸಿಲ್ ತೆಗೆದುಕೊಂಡು ಅವನು ತಾನೇ ಎಳೆದ ಗೆರೆಯ ಅಕ್ಕಪಕ್ಕದಲ್ಲೇ ಕೆಲಸ ಶುರುಮಾಡಿದ. ಆರಡಿ ಹೊಡೆದು ಐದಡಿ ಐದಂಗುಲ ಎಂದು ಬರೆದ. ಐರಿಷ್ ಹೋಗಿ ಚೆಕ್ ಆಯಿತು. ಕೂದಲಿನ ಸಾಲಿನಲ್ಲಿ "ಕಪ್ಪು" ಎಂದು ಬರೆದು, ಸ್ವಲ್ಪ ಯೋಚಿಸಿ, "ಉಳಿದಷ್ಟು" ಎಂದು ಸೇರಿಸಿದ. ಟ್ರಂಪೆಟ್ ಸುಮ್ಮನೆ ಹೊಡೆದುಹಾಕಿದ.

"ಐದಂಗುಲ ನಿಜಾನಾ?" ಎಂದಳು ಥೆಲ್ಮಾ.

"ಬೂಟು ಸೇರಿ."

ಪೆನ್ಸಿಲ್ ಖಾಲಿ ಜಾಗದ ಮೇಲೆ ಬಂದು ನಿಂತಿತು.

"ಇಲ್ಲಿ ಅವಳು ಇರೋಕೆ ಕಾರಣ ಕೇಳ್ತಾಳೆ," ಎಂದ ಎಮಿಲ್. "ಪ್ರಶ್ನೆಯೇ ಸರಿಯಿಲ್ಲ. ಅವಳು ಹೋಗ್ಬೇಕು. ಅಷ್ಟು ಬರೆದವಳು ಇಲ್ಲಿ ಉಳಿದುಬಿಟ್ರೆ ಆ ಕೆಮಿಸ್ಟ್ ಆಮೇಲೆ ಕನ್ನಡಿ ನೋಡ್ಕೊಳ್ಳೋ ಹಾಗಿರಲ್ಲ."

ಅವಳ ಕೈ ಚೀಲದೊಳಗಿನ ಲಕೋಟೆಗೆ ತಗುಲಿತು. "ಹಾಗಾದ್ರೆ ಅವನು ಏನಂತಾನೆ?"

"ನ್ಯೂಯಾರ್ಕಿನಲ್ಲೂ ಜನ ವಿಷ ತಿಂದು ಸಾಯ್ತಾರೆ ಅಂತಾನೆ. ಅಲ್ಲೂ ಕೊಳವೆ ಕಾಯಿಸೋರು ಬೇಕಾಗ್ತಾರೆ." ಈಗ ಕನ್ನಡಕದ ಮೇಲಿನಿಂದ ನೋಡಿದ. "ಆದ್ರೆ ಅವಳು ಒಪ್ಪಬೇಕು. ಅವನಿಗೆ ನಲವತ್ತೆರಡು. ಅಡಿಗೆ ಬರಲ್ಲ."

"ಅವಳಿಗೂ ಬರಲ್ಲ."

"ಇಲ್ಲಿ ಕೆಲಸ ಬಿಡೋಕೆ ಒಂದು ತಿಂಗಳ ನೋಟಿಸ್ ಕೊಡ್ಬೇಕು."

"ಕೊಡು, ಎಮಿಲ್," ಎಂದಳು ಥೆಲ್ಮಾ. ಮೇಜಿನ ಮೇಲಿದ್ದ ಕಾಗದ ಎಳೆದು ಅವನ ಮುಂದಿಟ್ಟಳು. "ಇವತ್ತೇ ಬರಿ. ನಾನು ಕೂತಿರ್ತೀನಿ."