ಅಮ್ಮನ ಎರಡು ಗಂಟೆ

"ಅಜ್ಜಾ, ಆ ಬಸ್ಸು ಬೇಡ್ವಾ? ಎಲ್ಲರೂ ಅದನ್ನೇ ಹತ್ತುತ್ತಿದ್ದಾರೆ!"

ಹಡಗಿನಿಂದ ಇಳಿದವರೆಲ್ಲ ಬಂದರಿನ ಗೇಟಿನಾಚೆ ನಿಂತಿದ್ದ ದೊಡ್ಡ ಎ.ಸಿ. ಬಸ್ಸಿನ ಕಡೆ ಓಡುತ್ತಿದ್ದರು. ಬುಗುರಿಯೂ ಓಡಲು ಒಂದು ಕಾಲು ಮುಂದಿಟ್ಟಳು. ಅಜ್ಜ ಅವಳ ಬ್ಯಾಗು ಹಿಡಿದು ಹಿಂದಕ್ಕೆಳೆದ.

"ಅದು ಟೂರ್ ಬಸ್ಸು. ಅದರ ಟಿಕೆಟ್ ರೇಟ್ ಕೇಳಿದ್ರೆ ನನಗೆ ಇಲ್ಲೇ ತಲೆ ಸುತ್ತು ಬರುತ್ತೆ. ಕಿಟಕಿ ತೆಗೆಯೋಕೂ ಆಗದ ಡಬ್ಬದಲ್ಲಿ ಕೂತು ಊರು ನೋಡೋದಂತೆ! ಊರು ನೋಡ್ಬೇಕು ಅಂದ್ರೆ ಊರಿನವರು ಹತ್ತೋ ಬಸ್ಸು ಹತ್ತಬೇಕು. ಕೊನೇ ಸ್ಟಾಪಿನ ತನಕ ಹೋಗ್ಬೇಕು. ತಿಳೀತಾ?"

ತಿಳಿಯದೆ ಏನು? ಅಜ್ಜ ಜೀವಮಾನವಿಡೀ ಬಸ್ ಕಂಡಕ್ಟರ್ ಆಗಿದ್ದವನು. ರಿಟೈರ್ ಆದಮೇಲೂ ಅವನ ಬಾಯಲ್ಲಿ ಬಸ್ಸು ಬಿಟ್ಟು ಬೇರೆ ಮಾತು ಬರುವುದು ಕಮ್ಮಿ.

ಇನ್ನು ಬುಗುರಿ. ಅದು ಮನೆಯವರು ಕರೆಯುವ ಹೆಸರು. ಹುಡುಗಿ ಒಂದು ಕಡೆ ನಿಂತರೆ ತಾನೆ ಬೇರೆ ಹೆಸರಿಡುವುದು? ಆದರೆ ಇವತ್ತು ಅವಳು ಸುಮ್ಮನೆ ಸುತ್ತಲು ಬಂದಿರಲಿಲ್ಲ. ಅವಳಿಗೆ ಒಂದು ದೊಡ್ಡ ಕೆಲಸವಿತ್ತು.

ಬುಗುರಿಯ ಅಮ್ಮ ಆ ಹಡಗಿನಲ್ಲಿ ರೂಮು ಕ್ಲೀನ್ ಮಾಡುತ್ತಾಳೆ. ಮನೆಗೆ ಬರುವುದು ಅಪರೂಪ. ಈ ಸಲ ಸ್ಟಾಫ್ ಮನೆಯವರಿಗೆ ಅಂತ ಕಡಿಮೆ ದರದಲ್ಲಿ ಒಂದು ಪುಟ್ಟ ರೂಮು ಸಿಕ್ಕಿತ್ತು. ಅಪ್ಪನಿಗೆ ರಜೆ ಸಿಗಲಿಲ್ಲ, ಅಜ್ಜ ಮೊಮ್ಮಗಳು ಹೊರಟರು. ಹಡಗು ಹತ್ತಿದರೇನು ಬಂತು? ಅಮ್ಮ ಯಾವಾಗ ನೋಡಿದರೂ ಯೂನಿಫಾರಂ ಹಾಕಿಕೊಂಡು ಬಕೆಟ್ಟು, ಬ್ರಷ್ಷು, ಬೆಡ್‌ಶೀಟಿನ ಗಾಡಿಯ ಹಿಂದೆಯೇ ಇರುತ್ತಿದ್ದಳು. ಎದುರು ಸಿಕ್ಕರೆ ಕಣ್ಣು ಮಿಟುಕಿಸಿ ಹೋಗುವಳು, ಅಷ್ಟೇ.

"ನಾಳೆ ಹಡಗು ಒಂದು ಊರಲ್ಲಿ ನಿಲ್ಲುತ್ತೆ. ಮಧ್ಯಾಹ್ನ ನನಗೆ ಎರಡು ಗಂಟೆ ಬಿಡುವು" ಎಂದು ಅವಳು ನಿನ್ನೆ ಹೇಳಿದಾಗ ಬುಗುರಿ ಕೇಳಿದ್ದಳು, "ಆ ಊರಲ್ಲಿ ಏನೇನಿದೆಯಮ್ಮಾ?"

"ನಾನು ನೋಡಿಲ್ಲ ಕಣೇ."

ಆಗಲೇ ಬುಗುರಿ ತೀರ್ಮಾನ ಮಾಡಿಬಿಟ್ಟಳು. ಗೊತ್ತಿಲ್ಲದ ಊರಲ್ಲಿ ಅಲ್ಲಿ ಇಲ್ಲಿ ಹುಡುಕುತ್ತಾ ಕೂತರೆ ಎರಡು ಗಂಟೆ ಅಲ್ಲೇ ಮುಗಿಯಿತು. ಬೆಳಿಗ್ಗೆಯೇ ಹೋಗಿ ಊರೆಲ್ಲ ಜಾಲಾಡಬೇಕು. ಎಲ್ಲಕ್ಕಿಂತ ಚೆನ್ನಾಗಿರುವುದನ್ನು ಆರಿಸಿಟ್ಟುಕೊಂಡು ಮಧ್ಯಾಹ್ನ ಅಮ್ಮನನ್ನು ಸೀದಾ ಅಲ್ಲಿಗೇ ಕರೆದುಕೊಂಡು ಹೋಗಬೇಕು. ಅಮ್ಮನ ಒಂದು ನಿಮಿಷವೂ ಹಾಳಾಗಬಾರದು.

ಸಿಟಿ ಬಸ್ಸು ಖಡಖಡ ಎನ್ನುತ್ತಾ ಬಂತು. ಕಿಟಕಿಯಲ್ಲಿ ಉಪ್ಪುಗಾಳಿ ಮುಖಕ್ಕೆ ಬಡಿಯುತ್ತಿತ್ತು. ಕೊನೇ ಸ್ಟಾಪಿನಲ್ಲಿ ಇಳಿದರೆ, ಮರಳಿನ ಮೇಲೆ ಒಂದು ದೋಣಿ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿತ್ತು. ಒಬ್ಬ ದೋಣಿ ರಿಪೇರಿಯವನು ಹಲಗೆಗಳ ಸಂದಿಗೆ ಹತ್ತಿಯ ಹುರಿ ತುರುಕಿ ಸುತ್ತಿಗೆಯಿಂದ ಬಡಿಯುತ್ತಿದ್ದ.

"ಅಣ್ಣಾ, ಹತ್ತಿ ಯಾಕೆ? ನೆಂದು ಹೋಗಲ್ವಾ?"

"ನೆನೀಲಿ ಅಂತಲೇ ಹಾಕೋದು. ನೆಂದ್ರೆ ಉಬ್ಬುತ್ತೆ, ಉಬ್ಬಿದ್ರೆ ಸಂದಿ ಮುಚ್ಚುತ್ತೆ. ನೀರೇ ನೀರನ್ನ ತಡೆಯುತ್ತೆ."

ಬುಗುರಿ ಬಾಯಿ ಬಿಟ್ಟುಕೊಂಡು ನೋಡಿದಳು. ಅವನು ಸುತ್ತಿಗೆಯನ್ನು ಅವಳ ಕೈಗೂ ಕೊಟ್ಟ. ಅವಳು ಟಕಟಕ ಬಡಿದಳು. ಒಂದು ಏಟು ಹಲಗೆಗೆ ಬಿತ್ತು, ಇನ್ನೊಂದರಿಂದ ಅಜ್ಜನ ಬೆರಳು ಸ್ವಲ್ಪದರಲ್ಲಿ ಉಳಿಯಿತು.

ಅಲ್ಲಿಂದ ಮುಂದೆ ಕಪ್ಪು ಬಂಡೆಗಳು. ಅಲೆ ಹಿಂದೆ ಸರಿದಿದ್ದರಿಂದ ಬಂಡೆಗಳ ಗುಂಡಿಗಳಲ್ಲಿ ನೀರು ನಿಂತಿತ್ತು. ಒಂದು ಗುಂಡಿಯಲ್ಲಿ ಶಂಖವೊಂದು ತಾನೇ ನಡೆದು ಹೋಗುತ್ತಿತ್ತು! ಬುಗುರಿ ಕಿಟಾರನೆ ಕಿರುಚಿದಳು. ಆಮೇಲೆ ಬಗ್ಗಿ ನೋಡಿದರೆ ಒಳಗಿಂದ ಪುಟ್ಟ ಏಡಿಯ ಕಾಲುಗಳು ಇಣುಕುತ್ತಿದ್ದವು.

"ಅದು ಬಾಡಿಗೆ ಮನೆ" ಎಂದ ಅಜ್ಜ. "ಮೈ ಬೆಳೆದ ಹಾಗೆ ಇದನ್ನ ಖಾಲಿ ಮಾಡಿ ದೊಡ್ಡದು ಹುಡುಕುತ್ತೆ. ಅಡ್ವಾನ್ಸೂ ಇಲ್ಲ, ಕರೆಂಟ್ ಬಿಲ್ಲೂ ಇಲ್ಲ. ಪುಣ್ಯವಂತ!"

ಗುಡ್ಡದ ಮೇಲೆ ಹಳೆಯ ದೀಪಸ್ತಂಭವೂ ಇತ್ತು. ಹತ್ತಿ ಮೇಲೆ ನಿಂತರೆ ಅವರ ಹಡಗು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಯಾವುದಕ್ಕೂ ಟಿಕೆಟ್ಟಿಲ್ಲ. ದೋಣಿ, ಏಡಿ, ದೀಪಸ್ತಂಭ. ಬುಗುರಿ ಮೂರು ಬೆರಳು ಮಡಚಿ ಮುಷ್ಟಿ ಬಿಗಿ ಹಿಡಿದಳು. ಅಮ್ಮನಿಗೆ ಮೂರೂ ಇಷ್ಟವಾಗುತ್ತವೆ, ನೋಡುತ್ತಿರು!

ವಾಪಸು ಬರುವ ಬಸ್ಸು ಕಿಕ್ಕಿರಿದಿತ್ತು. ಅಜ್ಜ ಬಾಗಿಲ ಹತ್ತಿರ, ಬುಗುರಿ ನಡುವೆ. ಒಂದು ಸ್ಟಾಪಿನಲ್ಲಿ ಒಬ್ಬಾಕೆ ದೊಡ್ಡ ಬುಟ್ಟಿ ಇಳಿಸಲಾಗದೆ ಒದ್ದಾಡುತ್ತಿದ್ದಳು. "ಕೊಡಮ್ಮಾ ಇಲ್ಲಿ" ಎನ್ನುತ್ತಾ ಅಜ್ಜ ಬುಟ್ಟಿ ಹಿಡಿದು ಕೆಳಗಿಳಿದ. ಬುಟ್ಟಿ ನೆಲಕ್ಕಿಟ್ಟ. ಆಮೇಲೆ ಅವನೊಳಗಿನ ಹಳೆಯ ಕಂಡಕ್ಟರ್ ಒಮ್ಮೆಲೇ ಎಚ್ಚರಗೊಂಡನೋ ಏನೋ, ಬಸ್ಸಿನ ಬದಿಗೆ ಢಬ್ ಢಬ್ ಎಂದು ಎರಡು ಏಟು ಹೊಡೆದು ಜೋರಾಗಿ ಕೂಗಿದ:

"ರೈಟ್... ರೈಟ್!"

ಬಸ್ಸು ಹೊರಟೇ ಹೋಯಿತು.

ಬುಗುರಿಯ ಜೀವ ಬಾಯಿಗೆ ಬಂತು. "ನಿಲ್ಸಿ! ನಮ್ಮಜ್ಜ! ನಮ್ಮಜ್ಜ ಕೆಳಗೇ ಇದ್ದಾನೆ!" ಎಂದು ಕೂಗಿದಳು. ಆ ಗದ್ದಲದಲ್ಲಿ ಅವಳ ಕೂಗು ಡ್ರೈವರಿಗಾಗಲಿ ಕಂಡಕ್ಟರಿಗಾಗಲಿ ಕೇಳಲಿಲ್ಲ. ಹಿಂದಿನ ಗಾಜಿನಲ್ಲಿ, ಎರಡು ಕೈ ಮೇಲೆತ್ತಿಕೊಂಡು ಓಡಿಬರುತ್ತಿದ್ದ ಅಜ್ಜ ಚಿಕ್ಕವನಾಗುತ್ತಾ ಹೋದ. ಬಸ್ಸು ಉದ್ದನೆಯ ಸೇತುವೆ ದಾಟಿ ನಿಂತಾಗ ಕಂಡಕ್ಟರ್ ಅವಳನ್ನು ಸ್ಟಾಪಿನ ಹಣ್ಣಿನಂಗಡಿಯವಳ ಹತ್ತಿರ ಇಳಿಸಿ, "ಎಲ್ಲೂ ಹೋಗ್ಬೇಡ ಮರೀ, ತಾತ ಇಲ್ಲಿಗೇ ಬರ್ತಾರೆ" ಎಂದ.

ಬುಗುರಿ ನಿಂತಲ್ಲೇ ನಿಂತಳು. ಹುಟ್ಟಿದ ಮೇಲೆ ಅಷ್ಟು ಹೊತ್ತು ಅವಳು ಅಲ್ಲಾಡದೆ ನಿಂತದ್ದು ಅದೇ ಮೊದಲು. ಸೇತುವೆಯ ಮೇಲೆ ಕಣ್ಣು ನೆಟ್ಟು, ಅಳು ನುಂಗಿಕೊಂಡಳು. ಕೊನೆಗೆ ಅಜ್ಜ ಏದುಸಿರು ಬಿಡುತ್ತಾ, ಬೆವರಿನಲ್ಲಿ ತೊಯ್ದು ಬಂದ. ಅವನನ್ನು ನೋಡಿದ್ದೇ ತಡ, ತಡೆದಿಟ್ಟ ಅಳು ಕಟ್ಟೆಯೊಡೆಯಿತು.

"ನಿನಗ್ಯಾರು ರೈಟ್ ಅನ್ನೋಕೆ ಹೇಳಿದ್ದು? ಅಮ್ಮ ಆಗಲೇ ಬಂದಿರ್ತಾಳೆ! ಅವಳ ಟೈಮೆಲ್ಲ ಮುಗೀತಿದೆ!"

"ತಪ್ಪಾಯ್ತು ಕಣೇ. ಬಾಯಿಗೆ ಬಂದ್ಬಿಡ್ತು" ಎಂದ ಅಜ್ಜ ಸಣ್ಣ ದನಿಯಲ್ಲಿ. ಮುಂದಿನ ಬಸ್ಸು ಹಿಡಿದು ಇಬ್ಬರೂ ಬಂದರಿಗೆ ವಾಪಸಾದರು.

ಗೇಟಿನ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. ಯೂನಿಫಾರಂ ಬದಲು ಹೂವಿನ ಅಂಗಿ ಹಾಕಿದ್ದಳು, ತಲೆ ಬಾಚಿಕೊಂಡಿದ್ದಳು. ಬುಗುರಿ ಓಡಿಹೋಗಿ ಅವಳ ಮಡಿಲಿಗೆ ಮುಖ ಒತ್ತಿದಳು.

"ನಾನು ಎಲ್ಲಾ ಹಾಳು ಮಾಡಿದೆನಮ್ಮಾ. ಇಲ್ಲ, ಅಜ್ಜ ಹಾಳು ಮಾಡಿದ."

ನಡೆದದ್ದನ್ನೆಲ್ಲ ಕೇಳಿ ಅಮ್ಮ ಮೊದಲು ಗಾಬರಿಯಾದಳು, ಆಮೇಲೆ "ರೈಟ್ ಅಂದ್ಯಾ ಅಪ್ಪಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ಟೀ ಅಂಗಡಿಯಾಕೆ ಲೋಟ ಒರೆಸುತ್ತಾ ಹೊರಬಂದು ಬುಗುರಿಯ ಗಲ್ಲ ಹಿಡಿದೆತ್ತಿದಳು.

"ಓಹೋ, ಫೋನಿನ ಹುಡುಗಿ! ಫೋನಲ್ಲಿ ಇಷ್ಟೇ ಇಷ್ಟು ಕಾಣ್ತಿದ್ದೆ. ಎಷ್ಟು ಉದ್ದ ಇದ್ದೀಯೇ!"

"ನಾನು ನಿಮಗೆ ಗೊತ್ತಾ?"

"ಗೊತ್ತಿಲ್ದೆ! ಹಡಗು ಬಂದಾಗಲೆಲ್ಲ ನಿಮ್ಮಮ್ಮ ಈ ಬೆಂಚಿನ ಮೇಲೇ ಕೂತು ಫೋನ್ ಮಾಡೋದು. ಹಡಗಲ್ಲಿ ಫೋನ್ ಮಾಡಿದ್ರೆ ಸಂಬಳವೇ ಕರಗುತ್ತಂತೆ. ನಮ್ಮ ವೈಫೈ ಬೆಂಚಿನ ತನಕ ಬರುತ್ತೆ, ಆಚೆ ಹೋದ್ರೆ ಕಟ್."

ಬುಗುರಿ ಅಮ್ಮನ ಕಡೆ ತಿರುಗಿದಳು. "ಈ ಊರಿಗೆ ಮೊದಲೇ ಬಂದಿದ್ಯಾ?"

"ತುಂಬಾ ಸಲ."

"ನೋಡಿಲ್ಲ ಅಂದೆ?"

"ನೋಡಿಲ್ವಲ್ಲ. ಇಲ್ಲಿ ಕೂತು ನಿನ್ನನ್ನ ನೋಡ್ತಿದ್ದೆ" ಎಂದಳು ಅಮ್ಮ, ಏನೂ ದೊಡ್ಡ ವಿಷಯವಲ್ಲ ಎನ್ನುವ ಹಾಗೆ.

ಬುಗುರಿಗೆ ಮನೆಯ ಫೋನ್ ನೆನಪಾಯಿತು. ಅಮ್ಮನ ವಿಡಿಯೋ ಕಾಲ್ ಬಂದಾಗ ಸರಿಯಾಗಿ ಕಾರ್ಟೂನ್ ನಡೆಯುತ್ತಿರುತ್ತಿತ್ತು. ಇಲ್ಲವೇ ಗೆಳತಿಯರು ಕೆಳಗಿನಿಂದ ಕೂಗುತ್ತಿರುತ್ತಿದ್ದರು. "ಹೂಂ ಅಮ್ಮ. ಊಟ ಆಯ್ತು. ಸ್ಕೂಲ್ ಚೆನ್ನಾಗಿತ್ತು." ಅಮ್ಮ ಆ ಕಡೆಯಿಂದ "ಆಮೇಲೆ?" ಎನ್ನುತ್ತಿದ್ದಳು. "ಅಷ್ಟೇ. ಅಪ್ಪಂಗೆ ಕೊಡ್ಲಾ?" ಎಂದು ಹೇಳಿ ಬುಗುರಿ ಫೋನನ್ನು ಸೋಫಾದ ಮೇಲೆ ಎಸೆದು ಓಡುತ್ತಿದ್ದಳು.

ಅವಳ ಕಿವಿಯೆಲ್ಲ ಬಿಸಿಯಾಯಿತು. ಇಡೀ ಊರನ್ನು ಬಿಟ್ಟು ಅಮ್ಮ ಆ 'ಅಷ್ಟೇ'ಯನ್ನು ಕೇಳುತ್ತಾ ಇಲ್ಲಿ ಕೂತಿರುತ್ತಿದ್ದಳು.

"ಏಳಮ್ಮಾ" ಎಂದಳು ಬುಗುರಿ, ಕಣ್ಣು ಒರೆಸಿಕೊಂಡು. "ಇವತ್ತು ಫೋನ್ ಬೇಡವಲ್ಲ. ಬಾ."

"ಎಲ್ಲಿಗೆ? ಇನ್ನು ಸ್ವಲ್ಪ ಹೊತ್ತಿಗೆ ಹಡಗು ಕೂಗುತ್ತೆ."

ದೋಣಿಯ ತನಕ ಹೋಗಲು ಸಮಯವಿರಲಿಲ್ಲ. ಬುಗುರಿ ಟೀ ಅಂಗಡಿಯ ಹಿಂದಿನ ಓಣಿಯ ಕಡೆ ಕೈ ತೋರಿಸಿದಳು. "ಇದು ಎಲ್ಲಿಗೆ ಹೋಗುತ್ತೋ ನನಗೂ ಗೊತ್ತಿಲ್ಲ. ನೋಡೋಣ."

ಓಣಿಯಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಅಮ್ಮ ಪ್ರತಿಯೊಂದಕ್ಕೂ ನಿಂತಳು. ಬಲೆಯ ರಾಶಿಯ ಮೇಲೆ ಮಲಗಿದ್ದ ಬೆಕ್ಕಿನ ಹತ್ತಿರ ನಿಂತಳು. ನೀಲಿ ಬಾಗಿಲನ್ನು ಮುಟ್ಟಿ ನೋಡಿದಳು. ಹಗ್ಗದ ಮೇಲೆ ಒಣಗುತ್ತಿದ್ದ ಟವೆಲ್ ಕಂಡು, "ಕೈ ತುರಿಸ್ತಿದೆ ಕಣೇ, ಇದನ್ನ ಹಂಸ ಮಾಡಿಬಿಡ್ಲಾ?" ಎಂದಳು. ಹಡಗಿನಲ್ಲಿ ದಿನವೂ ಟವೆಲ್ ಮಡಚಿ ಹಂಸ, ಆನೆ ಮಾಡಿ ಮಂಚದ ಮೇಲೆ ಕೂರಿಸುವವಳಲ್ಲವೇ!

"ಈ ಮನೆಗಳ ಮೆಟ್ಟಿಲು ಯಾಕೆ ಇಷ್ಟು ಎತ್ತರ?" ಎಂದು ಕೇಳಿದಳು ಅಮ್ಮ.

"ಅಲೆ ಒಳಗೆ ಬರದಿರಲಿ ಅಂತ ಇರ್ಬೇಕು" ಎಂದಳು ಬುಗುರಿ.

ಓಣಿಯ ಕೊನೆಯಲ್ಲಿ ಸಮುದ್ರ ಮೊರೆಯುವುದು ಕೇಳುತ್ತಿತ್ತು. "ಬೇಗ ಬೇಗ ಹೆಜ್ಜೆ ಹಾಕಿ! ಆ ತುದಿ ಮುಟ್ಟಬೇಕಲ್ಲ!" ಎಂದು ಅಜ್ಜ ಹಿಂದಿನಿಂದ ಅವಸರ ಮಾಡಿದ.

"ಸುಮ್ನಿರು ಅಜ್ಜಾ. ಅಮ್ಮ ನೋಡ್ತಿದ್ದಾಳೆ."

ಅರ್ಧ ಓಣಿಗೆ ಬರುವಷ್ಟರಲ್ಲಿ ಹಡಗು ಭೋಂ ಎಂದು ಕೂಗಿತು. ಅಮ್ಮ ಒಂದು ಗಳಿಗೆ ಓಣಿಯ ತುದಿಯನ್ನೇ ನೋಡಿ, ಹಿಂತಿರುಗಿದಳು. ಬುಗುರಿ ಅವಳ ಕೈ ಹಿಡಿದುಕೊಂಡಳು.

"ಅಮ್ಮಾ, ಬೆಳಿಗ್ಗೆ ಒಂದು ಶಂಖ ತಾನೇ ನಡೀತಿತ್ತು, ಗೊತ್ತಾ?"

"ಹೌದಾ! ಆಮೇಲೆ?"

ಬುಗುರಿ ಹೇಳತೊಡಗಿದಳು. ಏಡಿಯ ಬಾಡಿಗೆ ಮನೆ ಹೇಳಿದಳು. ದೋಣಿಯ ಹತ್ತಿ ಹೇಳಿದಳು. ಅಮ್ಮ ಕೇಳದೆ ಇದ್ದ ಸ್ಕೂಲಿನ ಜಗಳವನ್ನೂ, ಬಿದ್ದ ಹಲ್ಲಿನ ಕತೆಯನ್ನೂ ಹೇಳಿದಳು. ಗೇಟು ದಾಟಿ, ಹಡಗಿನ ಏಣಿ ಹತ್ತುವಾಗಲೂ ಅವಳ ಮಾತು ಮುಗಿದಿರಲಿಲ್ಲ.