ಅಕ್ಕ ಕೊಟ್ಟ ವಿಳಾಸ

ಅವನು ಕೇಳಿದ್ದು ಹಣ, ಅಕ್ಕ ಕೊಟ್ಟದ್ದು ವಿಳಾಸ. ಮುಂದೆ ನಡೆದದ್ದಕ್ಕೆಲ್ಲ ಅವಳೇ ಹೊಣೆ ಎಂದು ಅವನು ಮನಸ್ಸಿನಲ್ಲಿ ತೀರ್ಪು ಕೊಟ್ಟುಕೊಂಡದ್ದು ಆ ಹೊತ್ತಿನಲ್ಲೇ.

"ನನ್ನ ಹತ್ರ ಇಲ್ಲ ಕಣೋ," ಎಂದಳು ಅಕ್ಕ, ಒಣಗಿದ ಬಟ್ಟೆ ಮಡಿಸುತ್ತ. "ಇದ್ದಿದ್ರೆ ನೀನು ಬಾಯಿಬಿಟ್ಟು ಕೇಳೋವರೆಗೂ ಕಾಯ್ತಿದ್ನಾ? ಒಂದು ಕೆಲಸ ಮಾಡು. ಆ ಹಲ್ಲಿನ ಡಾಕ್ಟರ ಕ್ಲಿನಿಕ್ ಇದ್ಯಲ್ಲ, ಅದರ ಮೇಲ್ಗಡೆ ಒಬ್ಬರು ಮೇಡಂ ಕೂತಿರ್ತಾರೆ. ಸಾಲ ಹೇಗೆ ತೀರಿಸೋದು ಅಂತ ದಾರಿ ತೋರಿಸ್ತಾರೆ, ದುಡ್ಡೂ ತಗೊಳ್ಳಲ್ಲ. ಬೆಲ್ ಒತ್ತುತ್ತಾ ನಿಂತ್ಕೋಬೇಡ, ಅದು ಕೆಟ್ಟಿದೆ. ಬಾಗಿಲು ತಟ್ಟು."

ಬೇಡಲು ಬಂದವನಿಗೆ ಮುಂದಿನ ಮನೆ ನೋಡಪ್ಪ ಎಂದ ಹಾಗಿತ್ತು. ಅದೂ ಒಡಹುಟ್ಟಿದ ತಮ್ಮನಿಗೆ.

ಅವನು ದೊಡ್ಡದೊಂದು ಶೋರೂಮಿನಲ್ಲಿ ಫ್ರಿಜ್ಜು ಮಾರುತ್ತಿದ್ದ. ಜೊತೆಯವರು ಅವನನ್ನು ಕಂತಪ್ಪ ಎಂದು ಕರೆಯುತ್ತಿದ್ದರು. ಬೆಲೆ ಕೇಳಿ ಬಾಗಿಲ ಕಡೆ ತಿರುಗಿದ ಗಿರಾಕಿಯನ್ನು ಕಂತಿನ ಆಸೆ ತೋರಿಸಿ ಒಳಕ್ಕೆ ಎಳೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಸಾಲ ಎಂಬ ಮಾತೇ ಅವನ ಬಾಯಲ್ಲಿ ಬರುತ್ತಿರಲಿಲ್ಲ. "ತಿಂಗಳಿಗೆ ಇಷ್ಟೇ ಇಷ್ಟು ಸಾರ್, ಹೋಗಿದ್ದೂ ಗೊತ್ತಾಗಲ್ಲ" ಎನ್ನುತ್ತಿದ್ದ. ಅವನಿಗೂ ಗೊತ್ತಾಗಿರಲಿಲ್ಲ. ಸ್ವಂತ ಅಂಗಡಿ ಹಾಕಲೆಂದು ಮಾಡಿದ ಸಾಲ, ಅಂಗಡಿ ಮುಚ್ಚಿದ ಮೇಲೂ ಬಾಗಿಲು ತೆರೆದುಕೊಂಡೇ ಕೂತಿತ್ತು. ಅದರ ಬಡ್ಡಿಗೆಂದು ಒಂದು ಕ್ರೆಡಿಟ್ ಕಾರ್ಡು, ಆ ಕಾರ್ಡು ತೀರಿಸಲು ಇನ್ನೊಂದು ಕಾರ್ಡು. ಹೆಂಡತಿಗೆ ಇದರ ಗಾಳಿಯೂ ಸೋಕಿರಲಿಲ್ಲ. ಅಂಗಡಿ ಸಾಲದ ವಸೂಲಿಯವನಿಗೆ ಅವನು ಗಂಟಲು ಎಂದು ಹೆಸರಿಟ್ಟಿದ್ದ. ಮೊಬೈಲಿನಲ್ಲೂ ಹಾಗೇ ಬರೆದುಕೊಂಡಿದ್ದ. ಆ ಮನುಷ್ಯ ಬೈಯುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು "ಸಾರ್, ಊಟ ಆಯ್ತಾ?" ಎಂದು ಶುರುಮಾಡುತ್ತಿದ್ದ. ಆ ಮರ್ಯಾದೆಗೇ ಅವನು ಹೆದರುತ್ತಿದ್ದ.

ಅಕ್ಕನಿಗೇನು ಕಡಿಮೆಯಾಗಿತ್ತು? ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಭಾವ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ರಸ್ತೆ ತಿರುವಿನಲ್ಲಿ ಮಹಡಿ ಮನೆ. ಕೆಳಗೆ ಬಾಡಿಗೆಗೆ ಔಷಧಿ ಅಂಗಡಿ, ಮೇಲೆ ಅವಳೊಬ್ಬಳೇ. ಅವನು ಅಂಗಡಿ ಹಾಕುತ್ತೇನೆಂದಾಗ, ಕೇಳಿದ ಮಾರನೆಯ ವಾರವೇ ದೊಡ್ಡ ಗಂಟು ತಂದು ಕೈಗಿಟ್ಟಿದ್ದಳು. ಅಂಗಡಿ ಮುಳುಗಿದ ಮೇಲೆ ಒಂದು ಸಲವಾದರೂ ವಾಪಸು ಕೇಳಿರಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಅವನು ಒಳಗೊಳಗೇ ನಕ್ಕಿದ್ದ. ತುಂಬಿ ತುಳುಕುವಷ್ಟು ಇದ್ದವರು ಮಾತ್ರ ಕೊಟ್ಟದ್ದನ್ನು ಮರೆಯುತ್ತಾರೆ ಎಂಬುದು ಅವನ ನಂಬಿಕೆ. ಅಂಥವಳು ಈಗ ಇಲ್ಲ ಎಂದರೆ, ಇದ್ದೂ ಕೊಡುವುದಿಲ್ಲ ಎಂದೇ ಅರ್ಥ.

ಆದರೂ ಹೋದ. ಮುಳುಗುವವನು ಹುಲ್ಲುಕಡ್ಡಿಯನ್ನಾದರೂ ಹಿಡಿಯುತ್ತಾನೆ. ಕ್ಲಿನಿಕ್ಕಿನ ಔಷಧಿ ವಾಸನೆ ಮೆಟ್ಟಿಲುದ್ದಕ್ಕೂ ಹಿಂಬಾಲಿಸಿತು. ಬಾಗಿಲು ತಟ್ಟಿದ. ಒಳಗೆ ಒಂದು ಮೇಜು, ಎರಡು ಕುರ್ಚಿ, ದಪ್ಪ ಕನ್ನಡಕದ ಒಬ್ಬ ಹೆಂಗಸು. ಆಕೆ ಅವನಿಂದ ಒಂದೊಂದೇ ಸಾಲವನ್ನು ಬಾಯಿಬಿಟ್ಟು ಹೇಳಿಸಿದಳು. ಹೇಳುತ್ತ ಹೋದಂತೆ ಅವನಿಗೆ ಬಟ್ಟೆ ಬಿಚ್ಚಿಸಿದಂತಾಯಿತು.

"ಗಾಡಿ ಇದ್ರೆ ಮಾರಿ," ಎಂದಳು. "ಬೇರೆಯವರ ಕೈಲಿ ಮಾಡಿಸ್ತಿರೋ ಕೆಲಸ ನೀವೇ ಮಾಡ್ಕೊಳ್ಳಿ. ಇನ್ನು ಕಾರ್ಡು. ಒಂದು ಲೋಟ ನೀರಿಗೆ ಹಾಕಿ ಫ್ರೀಜರಲ್ಲಿಡಿ. ಏನಾದ್ರೂ ಕೊಳ್ಳಬೇಕು ಅನ್ನಿಸಿದಾಗ ಗಡ್ಡೆ ಕರಗೋವರೆಗೂ ಕಾಯಬೇಕು ನೋಡಿ, ಅಷ್ಟರಲ್ಲಿ ಆಸೇನೂ ಕರಗುತ್ತೆ. ಇದು ನನ್ನದೇ ಉಪಾಯ, ಇಲ್ಲಿ ಬಂದು ಕೂತವರಿಗೆ ಮಾತ್ರ ಹೇಳೋದು."

"ಅಷ್ಟೆಲ್ಲ ಯಾಕೆ ಮೇಡಂ? ಮಕ್ಕಳಿಲ್ಲದ ಅಕ್ಕ ಒಬ್ಬಳಿದ್ದಾಳೆ. ಔಷಧಿ ಅಂಗಡಿ ಮೇಲಿನ ಆ ಮನೆ ಇವತ್ತಲ್ಲ ನಾಳೆ ನನಗೇ ಬರೋದು."

ಆಕೆ ಕನ್ನಡಕ ತೆಗೆದು ಅವನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. "ಬರೋ ಆಸ್ತಿ ನಂಬಿ ಕೂರಬೇಡಿ. ಮೊದಲು ನಿಮ್ಮಕ್ಕನ ಹತ್ರ ಕೂತು ಮಾತಾಡಿ. ಇವತ್ತೇ ಮಾತಾಡಿ."

ಉಪದೇಶ ಮಾಡುವವರಿಗೆ ಗಂಟೇನು ಹೋಗುತ್ತದೆ ಎಂದುಕೊಂಡು ಅವನು ಮೆಟ್ಟಿಲಿಳಿದ. ಕಾರ್ಡನ್ನು ಲೋಟಕ್ಕೆ ಹಾಕಿದ್ದೇನೋ ಹಾಕಿದ. ಮಾರನೆಯ ದಿನವೇ ಹೊಸ ಬೂಟಿನ ಆಸೆಗೆ ಗಡ್ಡೆಯನ್ನು ಕುಟ್ಟಾಣಿಯಿಂದ ಒಡೆದು ತೆಗೆದ.

ಆದರೆ ಅವನ ಅದೃಷ್ಟ ಬೇರೆ ದಾರಿಯಿಂದ ಬಂತು. ಕೆಲವು ವಾರಗಳಲ್ಲಿ ಗಂಟಲಿನ ಫೋನು ನಿಂತೇ ಹೋಯಿತು. ಮೊದಲು ಭಯವಾಯಿತು, ಆಮೇಲೆ ನಗು ಬಂತು. ಎಲ್ಲೋ ಕಡತ ಕಳೆದುಹೋಗಿರಬೇಕು. ಶೋರೂಮಿನಲ್ಲೂ ಹಾಗಾಗುವುದನ್ನು ಅವನು ಕಂಡಿದ್ದ. ಕತ್ತಿನ ಹಗ್ಗ ಸಡಿಲವಾದ ಸಂತೋಷದಲ್ಲಿ ಹೊಸ ಕಾರು ತಂದ, ಕಂತಿನ ಮೇಲೆ. ಕಾರಿನವರು ಗಂಟಲಿನಷ್ಟು ಮರ್ಯಾದಸ್ಥರಾಗಿರಲಿಲ್ಲ. ಕಂತು ತಪ್ಪಿದ ಮೇಲೆ, ಮುಂದಿನ ತಿಂಗಳು ಶೋರೂಮಿಗೇ ಬಂದು ಎಲ್ಲರೆದುರು ಕೇಳುತ್ತೇವೆ ಎಂದರು. ಕಂತು ಮಾರುವವನ ಹಿಂದೆ ಕಂತಿನವರು ಬಂದರೆ ಆ ದಿನವೇ ಮನೆಗೆ ಕಳಿಸುತ್ತೇನೆ ಎಂಬುದು ಮಾಲೀಕರ ಹಳೆಯ ಮಾತು. ಕೆಲಸ ಹೋದರೆ ಹೆಂಡತಿಗೆ ಎಲ್ಲವೂ ತಿಳಿಯುತ್ತದೆ. ಕಂತಪ್ಪನ ಬದುಕು ನಿಂತಿದ್ದದ್ದೇ ಯಾರಿಗೂ ತಿಳಿಯದಿರುವುದರ ಮೇಲೆ.

ಇತ್ತ ಅಕ್ಕ ದಿನದಿಂದ ದಿನಕ್ಕೆ ಜಿಪುಣಿಯಾಗುತ್ತಿದ್ದಳು. ಭಾವನ ಕಾರು ಮಾರಿದಳು, "ಯಾರು ಓಡಿಸ್ತಾರೆ?" ಎಂದು. ಕೆಲಸದವಳನ್ನು ಬಿಡಿಸಿದಳು. ಅವನೇ ಆರಿಸಿಕೊಟ್ಟಿದ್ದ ಬಟ್ಟೆ ಒಗೆಯುವ ಯಂತ್ರವನ್ನೂ ಮಾರಿ, ಕೈಯಲ್ಲಿ ಒಗೆದರೆ ಮೈಗೆ ಒಳ್ಳೆಯದು ಎಂದಳು. ಹಾಲಿನವನನ್ನೂ ನಿಲ್ಲಿಸಿದ್ದಳು. ಒಂದು ಭಾನುವಾರ ತಣ್ಣನೆಯ ನೀರಿಗೆಂದು ಅವನು ಫ್ರೀಜರಿನ ಬಾಗಿಲು ಎಳೆದಾಗ, ಎಂದೂ ಗದರದವಳು ಗದರಿದಳು: "ಅದನ್ನ ಮುಚ್ಚೋ, ಸುಮ್ಮನೆ ಕರೆಂಟು." ಒಂದು ಸ್ಟೀಲಿನ ಲೋಟ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಗೋಡೆಗೆ ಬೆರಳು ದಪ್ಪ ಹಿಮ ಕಟ್ಟಿತ್ತು. ಫ್ರಿಜ್ಜು ಮಾರುವವನ ಕಣ್ಣು ಹಿಮದ ಮೇಲೇ ಹೋಯಿತು. ಇಷ್ಟು ಇಟ್ಟುಕೊಂಡು ಒಂದು ಒಳ್ಳೆಯ ಫ್ರಿಜ್ಜು ಕೊಳ್ಳಲಾರದವಳು, ಹಣದ ಮೇಲೆ ಹಾವಿನ ಹಾಗೆ ಸುತ್ತಿಕೊಂಡು ಮಲಗಿದ್ದಾಳೆ ಎಂದು ಅವನಿಗೆ ಮೈ ಉರಿಯಿತು.

ಹಾವು ಸಾಯಬೇಕು, ಕೋಲು ಮುರಿಯಬಾರದು. ಅವನು ಅದನ್ನೇ ಯೋಚಿಸತೊಡಗಿದ.

ದಾರಿ ತೋರಿಸಿದ್ದು ಅವನ ಕಸುಬೇ. ಅಕ್ಕನ ಮನೆಯ ಹಿಂದೆ ತಾರಸಿಗೆ ಹೋಗಲು ಕಬ್ಬಿಣದ ಮೆಟ್ಟಿಲಿತ್ತು. ಕೆಳಗಿನಿಂದಲೇ ಏರಿ ಬರುವ ಆ ಕಡಿದಾದ ಮೆಟ್ಟಿಲಲ್ಲೇ, ಹಿಂದೊಮ್ಮೆ, ಅವಳ ಫ್ರಿಜ್ಜನ್ನು ಮೇಲಕ್ಕೆ ಸಾಗಿಸಿದ್ದರು. ತಿರುವಿನಲ್ಲಿ ಫ್ರಿಜ್ಜು ಹಿಡಿಸದೆ ಹೊರುವವರು ಪಕ್ಕದ ಕಂಬಿಯ ಬೋಲ್ಟು ಬಿಚ್ಚಿ, ಆಮೇಲೆ ಮತ್ತೆ ಹಾಕಿದ್ದರು. ಅವನು ಪಕ್ಕದಲ್ಲೇ ನಿಂತು ನೋಡಿದ್ದ. ಈಗ ಅಕ್ಕ ದಿನಾ ಬೆಳಿಗ್ಗೆ ಅದೇ ಮೆಟ್ಟಿಲು ಹತ್ತುತ್ತಾಳೆ. ಒಂದು ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟು, ಇನ್ನೊಂದು ಕೈ ಕಂಬಿಯ ಮೇಲೆ, ಮೈಭಾರವೆಲ್ಲ ಅದರ ಮೇಲೇ. ತಿರುವಿನ ಕೆಳಗೆ ಸಿಮೆಂಟಿನ ಓಣಿ. ಗಟ್ಟಿ ಬೋಲ್ಟಿನ ಜಾಗದಲ್ಲಿ ತುಕ್ಕು ತಿಂದ ಬೋಲ್ಟಿದ್ದರೆ ಸಾಕು. ಅಂಥವು ಶೋರೂಮಿನ ಗೋದಾಮಿನಲ್ಲಿ ಡಬ್ಬಿಗಟ್ಟಲೆ ಬಿದ್ದಿದ್ದವು. ವಿಷವಿಲ್ಲ, ರಕ್ತದ ಕಲೆಯಿಲ್ಲ, ಪಾಲುದಾರನಿಲ್ಲ. ಹಳೆಯ ಮನೆ, ಹಳೆಯ ಕಬ್ಬಿಣ, ವಯಸ್ಸಾದ ಹೆಂಗಸು. ಸಾವಿಗೆ ಸಾಕ್ಷಿ ಹೇಳಲು ತುಕ್ಕು ತಾನಾಗಿಯೇ ಮುಂದೆ ಬರುತ್ತದೆ.

ಮುಂದಿನ ಭಾನುವಾರ ಅವನು ಹೋದಾಗ ಅಕ್ಕನ ಮುಖ ಅರಳಿತು. "ಕೂತಿರು, ನಿನ್ನ ಕಾಫಿಗೆ ಹಾಲು ತರ್ತೀನಿ," ಎಂದು ಚೀಲ ಹಿಡಿದು ಹೊರಟಳು. ಅವಳು ಹಾಲು ತಂದು ಬರುವುದರೊಳಗೆ ಅವನ ಕೆಲಸ ಮುಗಿದಿತ್ತು. ಕೈ ತೊಳೆದು, ಕುರ್ಚಿಯಲ್ಲಿ ಕೂತು, ಹಳೆಯ ಪತ್ರಿಕೆ ತಿರುವುತ್ತಿದ್ದ. ಅಕ್ಕ ಒಂದೇ ಲೋಟ ಕಾಫಿ ತಂದಳು.

"ನಿನಗೆ?"

"ನಾನು ಬಿಟ್ಟುಬಿಟ್ಟೆ. ನೀನು ಕುಡಿ." ಎದುರಿಗೆ ಕೂತು ಅವನನ್ನೇ ನೋಡಿದಳು. "ಯಾಕೋ ಸೊರಗಿದ್ದೀಯ. ತುಂಬ ತಲೆಗೆ ಹಚ್ಚಿಕೋಬೇಡ. ಎಲ್ಲ ಒಂದೊಂದಾಗಿ ಸರಿಹೋಗುತ್ತೆ, ನೋಡ್ತಿರು."

ಅವನಿಗೆ ಒಂದು ಕ್ಷಣ ಎದ್ದು ಹೋಗಿ ಆ ಬೋಲ್ಟುಗಳನ್ನು ಕಿತ್ತು ಎಸೆಯಬೇಕೆನಿಸಿತು. ಮರುಕ್ಷಣವೇ ಸಿಟ್ಟು ಬಂತು. ಕೈಯಿಂದ ಒಂದು ಕಾಸು ಬಿಚ್ಚದೆ ಬಾಯಲ್ಲಿ ಸಮಾಧಾನ ಹೇಳುವುದು ಎಷ್ಟು ಸುಲಭ! ಅವನು ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದ. ಹೊರಡುವಾಗ "ಬರ್ತೀನಿ ಅಕ್ಕ" ಎಂದ. ಅವಳು ಎಂದಿನಂತೆ ಅವನು ಕಣ್ಮರೆಯಾಗುವವರೆಗೂ ಕಿಟಕಿಯಲ್ಲಿ ನಿಂತಿದ್ದಳು.

ಮಾರನೆಯ ಬೆಳಿಗ್ಗೆ, ಶೋರೂಮಿನ ಕ್ಯಾಮೆರಾದ ಕಣ್ಣೆದುರು, ಅವನು ಹೊಸದಾಗಿ ಮದುವೆಯಾದ ಜೋಡಿಯೊಂದಕ್ಕೆ ಎರಡು ಬಾಗಿಲಿನ ಫ್ರಿಜ್ಜು ತೋರಿಸುತ್ತಿದ್ದ. ಹುಡುಗಿಗೆ ಇಷ್ಟವಾಗಿತ್ತು, ಹುಡುಗ ಹಿಂಜರಿಯುತ್ತಿದ್ದ. "ಸಾಲ ಅಂತ ಯಾಕೆ ಅಂದ್ಕೋತೀರಿ ಸಾರ್, ಕಂತು ಅನ್ನಿ" ಎಂದು ಅವನು ನಗುವಾಗ ಜೇಬಿನಲ್ಲಿ ಫೋನು ನಡುಗಿತು. ಔಷಧಿ ಅಂಗಡಿಯವನು. ಮಾತು ಕೇಳಿ ಅವನು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಕುಸಿದ. ಅಳುವನ್ನು ಅಭ್ಯಾಸ ಮಾಡಿಕೊಂಡಿದ್ದ, ಆದರೆ ಬಂದದ್ದು ನಿಜವಾದ ಅಳು. ಅದು ಅವನಿಗೇ ಆಶ್ಚರ್ಯ, ಒಳಗೊಳಗೇ ಸ್ವಲ್ಪ ಹೆಮ್ಮೆ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಪೊಲೀಸಿನವನು ಬೋಲ್ಟನ್ನು ಉಗುರಿನಿಂದ ಕೆರೆದು ತುಕ್ಕು ಉದುರಿಸಿ, "ಹಳೇ ಮನೆಗಳದ್ದೆಲ್ಲ ಇದೇ ಕತೆ" ಎಂದ. ಕೆಲಸದವಳನ್ನು ಬಿಡಿಸಬಾರದಿತ್ತು, ಈ ವಯಸ್ಸಿನಲ್ಲಿ ಬಕೆಟ್ಟು ಹೊರಬಾರದಿತ್ತು ಎಂದು ಅಕ್ಕಪಕ್ಕದವರು ಮರುಗಿದರು. ಅವನು ತಲೆಯಾಡಿಸಿದ. ಅವನ ಮಟ್ಟಿಗೆ ಅದು ನಿಜವೂ ಆಗಿತ್ತು. ಜಿಪುಣತನವೇ ಅವಳನ್ನು ಕೊಂದಿತು. ಅವನು ಮಾಡಿದ್ದು ಬರೀ ಒಂದು ಸಣ್ಣ ಸಹಾಯ.

ಎಲ್ಲ ಮುಗಿದು ನೆಂಟರು ಹೊರಟ ಮಧ್ಯಾಹ್ನ ಆ ಮನೆಯಲ್ಲಿ ಅವನು ಮತ್ತು ಹೆಂಡತಿ ಇಬ್ಬರೇ ಉಳಿದರು. ಅವನು ಕೋಣೆಯಿಂದ ಕೋಣೆಗೆ ನಡೆಯುತ್ತ ಮನೆಯನ್ನು ಮನಸ್ಸಿನಲ್ಲೇ ಮಾರುತ್ತಿದ್ದ. ಮೊದಲು ಕಾರಿನವರ ಬಾಯಿ ಮುಚ್ಚಿಸಬೇಕು, ಆಮೇಲೆ ಕಾರ್ಡುಗಳು. ಗಂಟಲಿನವನು ಮರೆತಿದ್ದಾನೆ, ಮರೆತೇ ಇರಲಿ. ಹೆಂಡತಿ ಅತ್ತು ಅತ್ತು ಕಣ್ಣು ಊದಿಸಿಕೊಂಡು ಅಕ್ಕನ ಹಾಸಿಗೆಯಂಚಿನಲ್ಲಿ ಕೂತಿದ್ದಳು. "ರೀ, ತಲೆ ಸಿಡೀತಿದೆ. ಹಣೆಗಿಡೋಕೆ ಒಂಚೂರು ಐಸ್ ಇದ್ರೆ ತನ್ನಿ" ಎಂದಳು.

ಫ್ರೀಜರಿನಲ್ಲಿ ಅದೇ ಸ್ಟೀಲಿನ ಲೋಟವಿತ್ತು. ಅವನು ಅದನ್ನು ನಲ್ಲಿಯ ಕೆಳಗೆ ತಲೆಕೆಳಗು ಹಿಡಿದ. ಗಡ್ಡೆ ಜಾರಿ ಸಿಂಕಿಗೆ ಬಿತ್ತು. ಅದರ ನಡುವೆ ಒಂದು ಕಾರ್ಡು ನೆಟ್ಟಗೆ ನಿಂತಿತ್ತು. ಮೇಲೆ ಅಕ್ಕನ ಹೆಸರು.

ಅವನು ಅದನ್ನು ನೋಡುತ್ತಿದ್ದಂತೆ ಫೋನು ನಡುಗಿತು. ಎಷ್ಟೋ ತಿಂಗಳ ಮೇಲೆ, ಗಂಟಲು. "ಸಾರ್, ಊಟ ಆಯ್ತಾ? ಅಕ್ಕ ಹೋಗಿಬಿಟ್ರಂತೆ, ಪಾಪ, ದೊಡ್ಡ ಮನಸ್ಸು. ನಿಮ್ಮ ಅಂಗಡಿಗೆ ಅಂತ ಅವರು ಮಾಡಿದ್ದ ಸಾಲವೇ ಇನ್ನೂ ಇತ್ತು, ಅದರ ಮೇಲೆ ಮನೆ ನಮ್ಮಲ್ಲಿ ಅಡ ಇಟ್ಟು ನಿಮ್ಮ ಕಂತೂ ಕಟ್ತಾ ಇದ್ರು. ತಮ್ಮನಿಗೆ ಹೇಳಬೇಡಿ, ಅವನಿಗೆ ಫೋನೂ ಮಾಡಬೇಡಿ ಅಂದಿದ್ರು. ಇನ್ನು ಮನೆ ನಮ್ಮ ಕೈಗೇ ಬರುತ್ತೆ ಸಾರ್, ಆದ್ರೂ ಬಾಕಿ ಉಳಿಯುತ್ತೆ. ಈ ತಿಂಗಳದ್ದು ಯಾವಾಗ ಕೊಡ್ತೀರಿ?" ಒಳಗಿನಿಂದ ಹೆಂಡತಿ, ಐಸು ಸಿಕ್ಕಿತೇ ಎಂದು ಕೂಗಿದಳು. ಗಡ್ಡೆ ನಿಧಾನವಾಗಿ ಕರಗುತ್ತಿತ್ತು. ಕಾರು, ಕೆಲಸದವಳು, ಯಂತ್ರ, ಹಾಲು, ಬಿಟ್ಟ ಕಾಫಿ, ಎಲ್ಲವನ್ನೂ ಅವನು ಕಣ್ಣಾರೆ ಕಂಡಿದ್ದ, ಬೋಲ್ಟಿನ ಸುತ್ತನ್ನೂ ಬಿಡದೆ ಎಲ್ಲವನ್ನೂ ಯೋಚಿಸಿದ್ದ. ಹಲ್ಲಿನ ಡಾಕ್ಟರ ಮೇಲ್ಗಡೆಯ ಆ ಬಾಗಿಲಿನ ಬೆಲ್ ಕೆಟ್ಟಿದೆ ಎಂಬುದು ಅಕ್ಕನಿಗೆ ಹೇಗೆ ಗೊತ್ತಾಯಿತು ಎಂಬುದೊಂದನ್ನು ಮಾತ್ರ ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.