ತಿಂದರೆ ಎತ್ತರ ಬೆಳೆಯುವ ಚಿಪ್ಸ್

"ನಮ್ಮ ಚಿಪ್ಸ್ ತಿಂದ ಆಮೆಯೊಂದು ಮೊನ್ನೆ ರೈಲನ್ನೇ ಹಿಂದೆ ಹಾಕ್ತು. ಬೇಜಾರಾಗಿ ಡ್ರೈವರ್ ಕೆಲಸಾನೇ ಬಿಟ್ಟ."

ಬುರುಡೆರಾಣಿ ಹೀಗೆಂದಾಗ ಗಿರಾಕಿಗಳು ನಕ್ಕ ನಗೆಗೆ ಮಾರುಕಟ್ಟೆಯ ತಗಡಿನ ಚಾವಣಿ ಮೊಳದಷ್ಟು ಮೇಲೆದ್ದು ಮತ್ತೆ ಕೂತಿತು. ಐದನೇ ಕ್ಲಾಸಿನ ಈ ಹುಡುಗಿಗೆ ಮನೆಯಲ್ಲಿಟ್ಟ ಹೆಸರು ಬೇರೆ. ಆದರೆ ಕಡ್ಡಿಯನ್ನು ಗುಡ್ಡ ಮಾಡುವ ಅವಳ ಬಾಯಿಗೆ ಈ ಹೆಸರೇ ಒಪ್ಪುತ್ತಿತ್ತು. ಮಾತು ಕಲಿತ ದಿನದಿಂದ ಅವಳನ್ನು ಯಾರೂ ನಂಬಿರಲಿಲ್ಲ. ಅದರ ಬೇಸರ ಅವಳಿಗೂ ಇರಲಿಲ್ಲ. ಕೇಳಿದವರು ನಕ್ಕರೆ ಸಾಕು, ಅವಳ ಹೊಟ್ಟೆ ತುಂಬಿತು.

ಅಂಗಡಿ ಅಮ್ಮನದು. ಅಮ್ಮ ಆಲೂಗಡ್ಡೆ ಹೆಚ್ಚಿ ಕರಿಯುತ್ತಿದ್ದಳು. ಅಜ್ಜಿ ಪ್ಯಾಕೆಟ್ಟಿನ ಬಾಯಿಯನ್ನು ಬಿಸಿ ಮಷಿನ್ನಿನಲ್ಲಿ ಒತ್ತಿ ಮುಚ್ಚುತ್ತಿದ್ದಳು. ಲೇಬಲ್ ಅಂಟಿಸುವುದು ರಾಣಿಯ ಪಾಲು.

ಈ ಮಾರುಕಟ್ಟೆಯಲ್ಲಿ ಲೇಬಲ್ ಇಲ್ಲದ ಪ್ಯಾಕೆಟ್ ಮಾರುವಂತಿರಲಿಲ್ಲ. ಒಳಗೆ ಏನೇನಿದೆ, ತೂಕ ಎಷ್ಟು, ಯಾವತ್ತು ಮಾಡಿದ್ದು, ಮಾಡಿದವರು ಯಾರು, ಎಲ್ಲವೂ ಅದರ ಮೇಲಿರಬೇಕು. ಬರೆದದ್ದೆಲ್ಲ ನಿಜವೂ ಆಗಿರಬೇಕು. ತಪ್ಪಿದರೆ ಲೈಸೆನ್ಸ್ ಹೋಯಿತು. ಅಮ್ಮನಿಗೆ ಲೈಸೆನ್ಸ್ ಸಿಕ್ಕಿ ಇನ್ನೂ ತಿಂಗಳಾಗಿರಲಿಲ್ಲ. ಅದನ್ನೇ ನೆಚ್ಚಿಕೊಂಡು ಅವಳು ಕ್ಯಾಂಟೀನಿನ ಕೆಲಸ ಬಿಟ್ಟಿದ್ದಳು.

ಈ ಸಲ ಪ್ರೆಸ್ಸಿನಿಂದ ಬಂದ ಲೇಬಲ್ಲುಗಳಲ್ಲಿ ಅಮ್ಮನ ಹೆಸರಿನ ಮೇಲೆ ಸ್ವಲ್ಪ ಜಾಗ ಖಾಲಿ ಉಳಿದಿತ್ತು. ಖಾಲಿ ಜಾಗ ಕಂಡರೆ ರಾಣಿಯ ಕೈ ಸುಮ್ಮನಿರುವುದುಂಟೇ? ಅಮ್ಮ ಬಾಣಲೆಯ ಮುಂದಿದ್ದಳು, ಅಜ್ಜಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ರಾಣಿ ಮಾರ್ಕರ್ ಹಿಡಿದು ಒಂದೊಂದರ ಮೇಲೂ ಒಂದೊಂದು ಬರೆದಳು. 'ತಿಂದರೆ ಎತ್ತರ ಬೆಳೆಯುತ್ತೀರಿ.' 'ಗಣಿತ ತಾನಾಗಿಯೇ ಬರುತ್ತದೆ.' 'ಇದನ್ನು ತಿಂದು ನಮ್ಮ ಅಜ್ಜಿಗೆ ಮತ್ತೆ ಹಲ್ಲು ಬಂದವು.'

ವ್ಯಾಪಾರವೋ ವ್ಯಾಪಾರ. ಗಿರಾಕಿಗಳ ಸಾಲು ಬೀದಿ ದಾಟಿ, ಊರು ದಾಟಿ, ಸಮುದ್ರದಲ್ಲಿ ಕಾಲು ನೆನೆಸಿಕೊಂಡು ನಿಂತಿತು. ಹೋಗಲಿ, ಪಕ್ಕದ ಜೇನುತುಪ್ಪದ ಅಂಗಡಿಯವರೆಗಂತೂ ಖಂಡಿತ ಇತ್ತು.

ಆ ಸಾಲನ್ನು ಸೀಳಿಕೊಂಡು ಇನ್ಸ್‌ಪೆಕ್ಟರ್ ಮೇಡಂ ಬಂದರು. ಮಾರುಕಟ್ಟೆಯ ತಿಂಡಿ ತಿನಿಸೆಲ್ಲ ಪರೀಕ್ಷೆ ಮಾಡುವವರು ಅವರೇ. ಸೈಕಲ್ ಚಕ್ರದಷ್ಟು ದೊಡ್ಡ ಕನ್ನಡಕ. ಅದರೊಳಗಿಂದ ಅವರು ನೋಡಿದರೆ ಉಪ್ಪಿನ ಹರಳೂ ಮೈ ಮುದುರಿಕೊಳ್ಳುತ್ತಿತ್ತು.

ಮೇಡಂ ಒಂದು ಪ್ಯಾಕೆಟ್ ಎತ್ತಿಕೊಂಡು ಓದಿದರು. ಅಜ್ಜಿಯ ಕಡೆ ತಿರುಗಿ, ಸ್ವಲ್ಪ ಬಾಯಿ ತೆರೆಯಿರಿ ಎಂದರು. ಅಜ್ಜಿ ಅವರನ್ನು ಡಾಕ್ಟರ್ ಎಂದುಕೊಂಡು ಖುಷಿಯಿಂದ ತೆರೆದಳು, ಮೊಣಕಾಲು ನೋವನ್ನೂ ಹೇಳಿಕೊಂಡಳು. ಬಾಯೊಳಗೆ ಖಾಲಿ ಗುಹೆ.

"ಹಲ್ಲೆಲ್ಲಿ?" ಎಂದು ಮೇಡಂ ಕೇಳಿದರು.

"ಬಂದಿದ್ವು ಮೇಡಂ. ಇವತ್ತು ಭಾನುವಾರ ಅಲ್ವಾ, ಅವಕ್ಕೆ ರಜೆ," ಎಂದಳು ರಾಣಿ.

ಸಾಲಿನಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಮೇಡಂ ನಗಲಿಲ್ಲ. ಪ್ಯಾಕೆಟ್ಟನ್ನು ಅಮ್ಮನ ಮುಂದೆ ಹಿಡಿದರು.

"ಇಲ್ಲಿರೋದು ನಿಮ್ಮ ಹೆಸರು ತಾನೇ?"

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಮೊದಲ ಸಲ ಅದನ್ನು ಓದಿದಳು. ಒಮ್ಮೆ ರಾಣಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಹೌದು ಮೇಡಂ, ನನ್ನ ಹೆಸರೇ," ಎಂದಳು. ಮಗಳು ಬರೆದದ್ದು ಎಂಬ ಮಾತು ಅವಳ ಬಾಯಿಂದ ಬರಲೇ ಇಲ್ಲ.

ಯಾರ ಹೆಸರಿದೆಯೋ ಮಾತೂ ಅವರದೇ ಎಂದರು ಮೇಡಂ. ಬರೆದದ್ದಕ್ಕೆ ಸಾಕ್ಷಿ ತೋರಿಸಿ, ಇಲ್ಲದಿದ್ದರೆ ಇವತ್ತೇ ಶಟರ್ ಎಳೆಯಿರಿ ಎಂದರು.

ರಾಣಿಯ ನಾಲಿಗೆ ಅವಳನ್ನು ಕೇಳದೆಯೇ ಓಡಿತು. ಸಾಕ್ಷಿಗೇನು ಬರ, ಇದನ್ನು ತಿಂದು ಬೆಳೆದವರು ಊರ ತುಂಬ ಇದ್ದಾರೆ ಎಂದಳು.

ಆಗ ಸಾಲಿನ ಕಾಲುಗಳ ನಡುವಿನಿಂದ ಗುಬ್ಬಿ ಎಂಬ ಹುಡುಗಿ ನುಸುಳಿ ಬಂದಳು. ಎರಡನೇ ಕ್ಲಾಸಿನವಳು. ಎಷ್ಟು ಕುಳ್ಳಿ ಎಂದರೆ ಶಾಲೆಯ ಫೋಟೋದಲ್ಲಿ ಅವಳ ರಿಬ್ಬನ್ ಮಾತ್ರ ಬೀಳುತ್ತಿತ್ತು. ತುಟಿಯ ಸುತ್ತ ಚಿಪ್ಸಿನ ಪುಡಿ, ಕೈಯಲ್ಲಿ ಖಾಲಿ ಪ್ಯಾಕೆಟ್. ಅವಳು ಚಪ್ಪಲಿ ಬಿಟ್ಟು ಅಂಗಡಿಯ ಕಂಬಕ್ಕೆ ಬೆನ್ನು ಒತ್ತಿ ನೆಟ್ಟಗೆ ನಿಂತಳು. ಕಂಬದ ಮೇಲೆ ಪೆನ್ಸಿಲಿನ ಗೆರೆಯಿತ್ತು. ತಿನ್ನುವ ಮೊದಲೇ ಎಳೆದಿಟ್ಟಿದ್ದಳು.

"ಬೆಳೆದ್ನಾ ಅಕ್ಕ?"

ಮೇಡಂ ಬ್ಯಾಗಿನಿಂದ ಟೇಪು ತೆಗೆದು, ಬಗ್ಗಿ, ಅಳೆದೇಬಿಟ್ಟರು. ಕೂದಲೆಳೆಯಷ್ಟೂ ಇಲ್ಲ ಎಂದರು.

"ಅದಕ್ಕೆ ಒಂದು ವಾರ ಬೇಕು," ಎಂದಿತು ರಾಣಿಯ ನಾಲಿಗೆ.

ಗುಬ್ಬಿ ತಲೆಯಾಡಿಸಿದಳು. "ಸರಿ ಅಕ್ಕ. ಹಾಗಾದ್ರೆ ಇನ್ನೂ ಎರಡು ಕೊಡು. ಮನೇಲಿ ಊಟ ಬಿಟ್ಟು ಇದನ್ನೇ ತಿಂತೀನಿ."

ಅವಳು ನಗುತ್ತಾಳೆಂದು ರಾಣಿ ಕಾದಳು. ಗುಬ್ಬಿ ನಗಲಿಲ್ಲ. ಚಾಚಿದ ಕೈ ಚಾಚಿಯೇ ಇತ್ತು.

ರಾಣಿ ಎರಡು ಪ್ಯಾಕೆಟ್ ಎತ್ತಿಕೊಂಡಳು. ಅವು ಆಲೂಗಡ್ಡೆ ಮೂಟೆಗಳಷ್ಟು ಭಾರವಾದವು. ಕೆಳಗಿಟ್ಟಳು.

"ಬೆಳೆಯಲ್ಲ ಗುಬ್ಬಿ. ಅದು ಸುಳ್ಳು." ಆಮೇಲೆ ಮೇಡಂ ಕಡೆ ತಿರುಗಿದಳು. "ಎಲ್ಲಾ ನಾನೇ ಬರೆದಿದ್ದು. ಅಮ್ಮಂಗೆ ಗೊತ್ತೇ ಇರ್ಲಿಲ್ಲ. ಅಜ್ಜಿಗೆ ಹಲ್ಲು ಬಂದಿಲ್ಲ. ನಂಗೆ ಗಣಿತಾನೂ ಬರಲ್ಲ. ಒಳಗಿರೋದು ಆಲೂಗಡ್ಡೆ, ಎಣ್ಣೆ, ಉಪ್ಪು ಅಷ್ಟೇ. ಅರ್ಧ ಬರೀ ಗಾಳಿ."

"ಗಾಳಿ ಇರಬೇಕಾದ್ದೇ. ಇಲ್ಲದಿದ್ರೆ ಚಿಪ್ಸ್ ಪುಡಿಯಾಗುತ್ತೆ," ಎಂದರು ಮೇಡಂ, ತುಂಬ ಗಂಭೀರವಾಗಿ. ಈ ಲೇಬಲ್ಲುಗಳನ್ನೆಲ್ಲ ಕಿತ್ತು ಬೇರೆ ಅಂಟಿಸಬೇಕು, ತಾವು ಸಂಜೆ ಬಂದು ಒಂದೊಂದನ್ನೂ ನೋಡುವವರೆಗೆ ಒಂದು ಪ್ಯಾಕೆಟ್ಟೂ ಮಾರಬಾರದು, ಲೈಸೆನ್ಸಿನ ಮಾತು ಆಮೇಲೆ ಎಂದು ಹೇಳಿ ಜೇನುತುಪ್ಪದವನ ಕಡೆ ನಡೆದರು. ಅವನು ಅವಸರದಲ್ಲಿ ತನ್ನದೊಂದು ಬೋರ್ಡನ್ನು ಮಗುಚಿಟ್ಟ.

ಸಾಲು ಕರಗಿತು. ಅಮ್ಮ ಬಯ್ಯಲಿಲ್ಲ. ಹೊಸ ಲೇಬಲ್ಲುಗಳ ಕಟ್ಟನ್ನು ತಂದು ರಾಣಿಯ ಮಡಿಲಲ್ಲಿಟ್ಟು, ತಾನೂ ಪಕ್ಕದಲ್ಲಿ ಕೂತು ಹಳೆಯದನ್ನು ಉಗುರಿನಿಂದ ಕೆರೆಯತೊಡಗಿದಳು.

ಗುಬ್ಬಿ ಮನೆಗೆ ಹೋಗಿರಲಿಲ್ಲ. ರಾಣಿಯ ಎದುರು ಕುಕ್ಕರುಗಾಲಿನಲ್ಲಿ ಕೂತು ಕೇಳಿದಳು: "ಮತ್ತೆ ಏನ್ ತಿಂದ್ರೆ ಬೆಳೀತಾರೆ ಅಕ್ಕ?"

ರಾಣಿಯ ನಾಲಿಗೆಯ ತುದಿಗೆ ಒಂದಕ್ಕಿಂತ ಒಂದು ಭರ್ಜರಿ ಉತ್ತರಗಳು ನೂಕುನುಗ್ಗಲಾಗಿ ಬಂದು ನಿಂತವು. ಜಿರಾಫೆಯ ಹಾಲು. ಬಿದಿರಿನ ಬಿಸ್ಕತ್ತು. ಹುರಿದ ಮೋಡ. ಎಲ್ಲವನ್ನೂ ಅವಳು ಒಂದೇ ಗುಟುಕಿಗೆ ನುಂಗಿದಳು.

"ನಂಗೊತ್ತಿಲ್ಲ," ಎಂದಳು.

ಗುಬ್ಬಿ ಅದನ್ನೂ ನಂಬಿದಳು.